ಗಾಯದಯ್ಯನ ಬೆನ್ನಿಗೆ ಎಣ್ಣೆ

ಮೊದಲೇ ಹೇಳಿಬಿಡಬೇಕು. ಅಕ್ಷರ ದುಂಡಗಿಲ್ಲ, ಸಾಲು ಒಮ್ಮೆ ಮೇಲಕ್ಕೆ ಹೋಗುತ್ತದೆ, ಒಮ್ಮೆ ಕೆಳಕ್ಕೆ ಇಳಿಯುತ್ತದೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು. ಪದ ತಪ್ಪಿದ್ದಲ್ಲಿ ಓದುವವರು ದೊಡ್ಡ ಮನಸ್ಸು ಮಾಡಿ ತಿದ್ದಿಕೊಳ್ಳಬೇಕು. ಆದರೆ ಹೊಂಬಾಳಮ್ಮನ ವಿಷಯದಲ್ಲಿ ತಪ್ಪಾಗಬಾರದೆಂದು, ಗೊತ್ತಿದ್ದುದನ್ನೂ ಇನ್ನೊಮ್ಮೆ ಕೇಳಿಯೇ ಬರೆದದ್ದು.

ನೊಣವಿನಕೆರೆಯಿಂದ ಒಳಕ್ಕೆ, ಬಸ್ಸು ಹೋಗದ ದಾರಿಯಲ್ಲಿ, ಗಾಯದಯ್ಯನಪಾಳ್ಯ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿ ಗುಡಿಯ ಪೂಜೆ ಮಾಡುವ ಕೆಂಪಯ್ಯನ ಹೆಂಡತಿಯೇ ಹೊಂಬಾಳಮ್ಮ. ವಯಸ್ಸು ಅರವತ್ತು ದಾಟಿದೆ. ಮೈ ಸಣ್ಣ, ದನಿ ದೊಡ್ಡದು. ಅಟ್ಟದಿಂದ ಒಣಗಿದ ಕಾಯಿ ಇಳಿಸಿ, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಕೆಲಸ ಯಾರ ಮನೆಯಲ್ಲಿದ್ದರೂ ಮೊದಲು ಅವಳನ್ನೇ ಕರೆಯುತ್ತಾರೆ. ಕೊಬ್ಬರಿಗೆ ಏಟು ಬೀಳದ ಹಾಗೆ ಚಿಪ್ಪು ಒಡೆಯುವುದರಲ್ಲಿ ಅವಳ ಕೈ ಒಳ್ಳೆಯದು. ಅದಕ್ಕಿಂತ ಹೆಚ್ಚಾಗಿ, ಅವಳು ಇದ್ದರೆ ಕತೆ ಇರುತ್ತದೆ. ಹೆಂಗಸರು ಸುತ್ತ ಕೂತು ಕುಟ್ಟುತ್ತಿರುವಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಹೊಂಬಾಳಕ್ಕ, ಗಾಯದಯ್ಯನ ಕತೆ ಹೇಳಕ್ಕ." ಎಲ್ಲರಿಗೂ ಗೊತ್ತಿರುವ ಕತೆ. ಆದರೂ ಅವಳು ಹೇಳುತ್ತಾಳೆ, ಅವರು ಕೇಳುತ್ತಾರೆ.

ಮುದ್ದೀರನಾಯಕ ಈ ಸೀಮೆಯನ್ನು ಆಳುತ್ತಿದ್ದ. ದೊಡ್ಡ ಅರಸನೇನಲ್ಲ. ಒಂದು ಮಣ್ಣಿನ ಕೋಟೆ, ಒಂದು ಕೆರೆ, ನಾಲ್ಕಾರು ಕುದುರೆ. ಹುಣಸೆಕಟ್ಟೆಯ ಪಾಳೇಗಾರನಿಗೂ ಇವನಿಗೂ ಕೆರೆಯ ಏರಿಯ ಮೇಲೆ ಕಾಳಗವಾಯಿತು. ಇನ್ನೇನು ಗೆದ್ದ ಅನ್ನುವಾಗ, ಮೀಸೆಯೂ ಮೂಡದ ಒಬ್ಬ ಹುಡುಗ ಹಿಂದಿನಿಂದ ಬಂದು ಕತ್ತಿ ಬೀಸಿದ. ಏಟು ಎಡ ಭುಜದ ಹಿಂದೆ ಬಿತ್ತು. ನಾಯಕನನ್ನು ಹೊತ್ತು ತಂದು ಮಲಗಿಸಿದರು. ಗಾಯ ಮಾಯಲಿಲ್ಲ. ಅದು ಎಂಥ ಜಾಗವೆಂದರೆ, ಅವನ ಬಲಗೈಯೂ ಅಲ್ಲಿಗೆ ಎಟುಕದು, ಎಡಗೈಯೂ ಎಟುಕದು. ಯಾರಾದರೂ ಎಣ್ಣೆ ಹಚ್ಚಬೇಕು. ಹಚ್ಚಲು ಬಂದವರೆಲ್ಲ ಹಚ್ಚುತ್ತ ಹಚ್ಚುತ್ತ ಹಲ್ಲು ಕಡಿಯುತ್ತಿದ್ದರು. "ಬುದ್ಧೀ, ಒಂದು ಮಾತು ಹೇಳಿ, ಆ ಹೈದನ ತಲೆ ತತ್ತೀವಿ" ಎನ್ನುತ್ತಿದ್ದರು. ಅವರ ಸಿಟ್ಟು ಬೆರಳಿಗಿಳಿದು ಗಾಯ ಇನ್ನಷ್ಟು ಕೆಂಪಾಗುತ್ತಿತ್ತು.

ಕೊನೆಗೊಂದು ದಿನ ಹುಡುಗನೇ ಸಿಕ್ಕಿಬಿದ್ದ. ಕೈಕಟ್ಟಿ ತಂದು ನಿಲ್ಲಿಸಿದರು.

"ಹಿಂದ್ಗಡೆಯಿಂದ ಯಾಕ್ಲಾ ಹೊಡ್ದೆ?" ಎಂದು ಕೇಳಿದ ನಾಯಕ.

"ಮುಂದ್ಗಡೆ ಬಂದ್ರೆ ನಿಮ್ಮ ಮುಖ ನೋಡಿ ಹೆದರ್ಕಂತಿದ್ದೆ ಬುದ್ಧೀ" ಎಂದ ಹುಡುಗ.

ನಾಯಕನಿಗೆ ನಗು ಬಂತು. ನಕ್ಕಿದ್ದಕ್ಕೆ ಗಾಯ ನೋಯಿತು. ನೋವು ತಡೆದುಕೊಂಡು, ಕತ್ತಿ ಹಿಡಿದು ನಿಂತಿದ್ದವರನ್ನೆಲ್ಲ ಆಚೆಗೆ ಕಳಿಸಿದ. ಕಟ್ಟು ಬಿಚ್ಚಿಸಿ, ಹುಡುಗನ ಕೈಗೆ ಎಣ್ಣೆಯ ಗಿಂಡಿ ಕೊಟ್ಟ. "ನೀನು ಮಾಡಿದ್ದು. ಎಷ್ಟು ಆಳ ಅಂತ ನಿಂಗೇ ಗೊತ್ತು. ಹಚ್ಚು" ಎಂದು ಬೆನ್ನು ತಿರುಗಿಸಿ ಕೂತ.

ಹುಡುಗನಿಗೆ ಆಡಲು ಮಾತೇನಿತ್ತು? ಸುಮ್ಮನೆ ಹಚ್ಚಿದ. ದಿನವೂ ಹಚ್ಚಿದ. ಗಾಯ ಮಾಯಿತು. ಊರಿಗೆ ಕಳಿಸುವಾಗ ನಾಯಕ ಹೇಳಿದ, "ವರ್ಷಕ್ಕೊಂದ್ಸಲ ಬಂದು ಹಚ್ಚಿ ಹೋಗು."

"ವಾಸಿ ಆಗೈತಲ್ಲ ಬುದ್ಧೀ, ಇನ್ಯಾಕೆ?"

"ಹಳೇ ಗಾಯ ಚಳಿಗಾಲಕ್ಕೆ ನೋಯ್ತದೆ ಕಣ್ಲಾ."

ಇಷ್ಟು ಹೇಳುವ ಹೊತ್ತಿಗೆ ಹೆಂಗಸರ ಮುಂದೆ ಚಿಪ್ಪಿನ ಗುಡ್ಡೆ ಬೆಳೆದಿರುತ್ತದೆ. ಯಾರಾದರೂ ಒಬ್ಬಳು ಕೇಳುತ್ತಾಳೆ, "ಅಲ್ಲ ಕಣಕ್ಕ, ಅರಸ ಅಂದ್ಮೇಲೆ ಸೇಡು ತೀರಿಸ್ಕಬೇಕು ಅಂತ ಒಂದ್ ದಿನಾನೂ ಅನ್ನಿಸ್ಲಿಲ್ವ?"

"ಅನ್ನಿಸ್ತೋ ಏನೋ. ಹಿಂದೆ ಕೂತು ಬೆನ್ನು ಮುಟ್ತಿರೋನ ಕುತ್ತಿಗೆ ಹಿಸುಕಬೇಕು ಅಂತ ಯಾರಿಗೆ ಅನ್ನಿಸಲ್ಲ? ಕೈ ಎತ್ಲಿಲ್ಲ, ಅಷ್ಟೇಯ" ಎನ್ನುತ್ತಾಳೆ ಹೊಂಬಾಳಮ್ಮ.

ಮುದ್ದೀರನಾಯಕನೇ ಈಗ ಗುಡಿಯಲ್ಲಿ ಗಾಯದಯ್ಯನಾಗಿ ನಿಂತಿದ್ದಾನೆ. ಆಳೆತ್ತರದ ಕಲ್ಲು, ಕೈಯಲ್ಲಿ ಕತ್ತಿ, ಗುರಾಣಿ. ಮುಖ ಬಾಗಿಲ ಕಡೆಗೆ, ಬೆನ್ನು ಗೋಡೆಯ ಕಡೆಗೆ. ಕಲ್ಲಿಗೂ ಗೋಡೆಗೂ ನಡುವೆ ಒಬ್ಬರ ತೋಳು ತೂರುವಷ್ಟು ಮಾತ್ರ ಜಾಗ. ಕಾರ್ತಿಕ ಮಾಸದ ಕಡೆಯ ಸೋಮವಾರ, ಚಳಿ ಶುರುವಾಗುವಾಗ, ಆ ಹುಡುಗನ ವಂಶದವರು ಹುಣಸೆಕಟ್ಟೆಯಿಂದ ಬಂದು, ಪಕ್ಕದಲ್ಲಿ ನಿಂತು ತೋಳು ಒಳಗೆ ತೂರಿಸಿ, ಕಣ್ಣಿಗೆ ಕಾಣದ ಆ ಗಾಯಕ್ಕೆ ತಡವಿ ತಡವಿ ಎಣ್ಣೆ ಹಚ್ಚಬೇಕು. ಅವರನ್ನು ಎಣ್ಣೆ ಮನೆಯವರು ಅನ್ನುತ್ತಾರೆ. ಪೂಜಾರಿಯ ಮನೆಯವರು ಕಲ್ಲಿನ ಮುಂಭಾಗವನ್ನು ಎಷ್ಟು ಬೇಕಾದರೂ ತೊಳೆಯಬಹುದು, ಹೂವೇರಿಸಬಹುದು. ಬೆನ್ನು ಮುಟ್ಟುವಂತಿಲ್ಲ. ಎಣ್ಣೆ ಕಾಯಿಸುವುದು ಮಾತ್ರ ಪೂಜಾರಿಯ ಮನೆಯಲ್ಲಿ. ಕೆಲವು ದಿನ ಮೊದಲೇ ಸ್ವಲ್ಪ ಎಣ್ಣೆ ಕಾಯಿಸಿ ತೆಗೆದುಕೊಂಡು ಹೋಗಿ ಎಣ್ಣೆ ಮನೆಯ ಬಾಗಿಲಲ್ಲಿಟ್ಟು "ಬನ್ನಿ" ಎಂದು ಕರೆದು ಬರಬೇಕು. ಕರೆಯದೆ ಅವರು ಬರುವ ಪದ್ಧತಿ ಇಲ್ಲ.

ಹೊಂಬಾಳಮ್ಮ ಹುಟ್ಟಿದ್ದು ಆ ಎಣ್ಣೆ ಮನೆಯಲ್ಲಿಯೇ, ದಬ್ಬೇಘಟ್ಟದ ಆಚೆಯ ಹುಣಸೆಕಟ್ಟೆಯಲ್ಲಿ. ಅವಳ ಅಪ್ಪ ಒಂದು ಕಾರ್ತಿಕದಲ್ಲಿ ಎಣ್ಣೆ ಹಚ್ಚಲು ಬಂದವರು, ಪೂಜಾರಿಯ ಮಗ ಕೆಂಪಯ್ಯ ಒಂದೂ ಮಾತಾಡದೆ ಮೂರು ಸಲ ನೀರು ತಂದುಕೊಟ್ಟದ್ದನ್ನು ನೋಡಿ, "ಈ ಹುಡುಗ ನನ್ ಮಗಳ ಮಾತು ಕೇಳ್ಕಂಡಿರ್ತಾನೆ" ಎಂದು ಸಂಬಂಧ ಮಾಡಿದರು. ಹಾಗಾಗಿ ಅವಳಿಗೆ ತವರು ಅಂದರೆ ಕಾರ್ತಿಕ ಸೋಮವಾರ. ಮೊದಲು ಅಪ್ಪ ಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ತಮ್ಮ ಮಾಯಣ್ಣ.

ಮಾಯಣ್ಣ ಬರುವ ದಿನ ಅವಳಿಗೆ ಬೆಳಗಾಗುವ ಮೊದಲೇ ಎಚ್ಚರ. ತುರಿಮಣೆಯ ಮೇಲೆ ಕೂತು ಹಸಿ ಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಇಡುತ್ತಿದ್ದಳು. ನೀರಿನ ಅಂಶ ಹೋಗಿ, ಗಸಿ ಕಂದು ಬಣ್ಣಕ್ಕೆ ತಿರುಗಿ, ಎಣ್ಣೆ ತಿಳಿಯಾಗಿ ಮೇಲೆ ಬರುವ ಹೊತ್ತಿಗೆ ಆ ಪರಿಮಳ ಬೀದಿಗೆಲ್ಲ ಹರಡಿರುತ್ತಿತ್ತು. ಆ ಪರಿಮಳ ಹಿಡಿದುಕೊಂಡೇ ಬಂದವನ ಹಾಗೆ ಮಾಯಣ್ಣ ಬೀದಿಯ ತುದಿಯಿಂದಲೇ ಕೂಗುತ್ತಿದ್ದ.

"ಅಕ್ಕೋ, ಬದ್ಕಿದೀಯಾ?"

"ನೀನು ಬರೋಗಂಟ ಸಾಯಂಗಿಲ್ವಲ್ಲ, ಬಾ."

ಹೆಗಲ ಚೀಲದಲ್ಲಿ ನಾಲೆಯ ನೀರಿನ ಗದ್ದೆಯ ಅಕ್ಕಿ. "ತಗ, ನಮ್ಮೂರ ಅನ್ನ. ಇಲ್ಲಿ ಬರೀ ಕಾಯಿ ತಿಂದು ತಿಂದು ನೀನೂ ಉಂಡೆ ಕೊಬ್ಬರಿ ಆಗಿದೀಯ." ಆಮೇಲೆ ಕೆಂಪಯ್ಯನ ಕಡೆ ತಿರುಗಿ, "ಏನ್ ಭಾವ, ಗಾಯದಯ್ಯಂಗೆ ಬೆನ್ನು ಉಜ್ಜಕ್ಕೆ ನಾನಿದೀನಿ. ನಿಮ್ಗೆ ಯಾರು ಉಜ್ತಾರೆ?"

"ನಿಮ್ಮಕ್ಕ ಉಜ್ತಾಳೆ, ಚಿಪ್ಪು ತಗಂಡು."

ಎಣ್ಣೆ ಹಚ್ಚಿ ಬಂದ ಮೇಲೆ ಅಕ್ಕ ತಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ತವರಿನ ಬಾವಿಯ ಪಕ್ಕದ ಹುಣಸೆಮರ ಈ ಸಲ ಬಿಟ್ಟಿತೋ ಇಲ್ಲವೋ, ಅವ್ವನ ಕಾಲದ ಹಸುವಿನ ತಳಿ ಇನ್ನೂ ಇದೆಯೋ, ಎದುರುಮನೆಯ ಮುದುಕಿಯ ಕಿವಿ ಪೂರ್ತಿ ಹೋಯಿತೋ. ಎಲ್ಲ ಸುದ್ದಿಯೂ ಅವಳಿಗೆ ಬೇಕು. ಅವನು ಬೇಸರವಿಲ್ಲದೆ ಹೇಳುತ್ತಿದ್ದ. ಕಡೇ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಾಗ ಪ್ರತಿ ವರ್ಷವೂ ಅವಳು, "ಇನ್ನೊಂದ್ ಗಳಿಗೆ ಕೂತ್ಕಳಪ್ಪ" ಎನ್ನುತ್ತಿದ್ದಳು. ಪ್ರತಿ ವರ್ಷವೂ ಅವನು ಕೂತೇ ಹೋಗುತ್ತಿದ್ದ.

ಇದು ನಿಂತುಹೋಗಿ ಐದು ವರ್ಷವಾಯಿತು.

ಹೊಂಬಾಳಮ್ಮನ ಮಗ ರಂಗನಾಥ್. ಮಾಯಣ್ಣನ ಮಗಳು ಸಿಂಧು. ಅತ್ತೆಯ ಮಗ, ಮಾವನ ಮಗಳು. ಎರಡು ಮನೆಯವರೂ ಸೇರಿ ವೀಳ್ಯ ಬದಲಾಯಿಸಿಕೊಂಡಾಗಿತ್ತು. ಒಂದು ದಿನ ರಂಗನಾಥ್ ಕೊಬ್ಬರಿ ಹಾಕಲು ತಿಪಟೂರಿಗೆ ಹೋದಾಗ, ಕೊಬ್ಬರಿ ಮಂಡಿಯ ಸಾಹುಕಾರ ಶಂಭುಲಿಂಗಯ್ಯ ಎಲ್ಲರ ಮುಂದೆ ಕೇಳಿದರು.

"ಏನಪ್ಪ ರಂಗನಾಥ, ಇಲ್ಲೇ ನಿಂತಿದೀಯ? ನಿಮ್ಮಾವನ ಮನೇಲಿ ಚಪ್ಪರ ಹಾಕವ್ರಂತಲ್ಲ. ಮದ್ವೆ ಗಂಡು ನೀನೇ ಅಂದ್ಕಂಡಿದ್ದೆ ನಾನು."

ಮೂಟೆ ಹೊರುತ್ತಿದ್ದವರೂ ನಕ್ಕರು. ಸಿಂಧುವನ್ನು ಚಿಕ್ಕನಾಯಕನಹಳ್ಳಿಯ ಕಡೆ ಕೊಡುತ್ತಿದ್ದರು. ಹುಡುಗಿ ತನಗೆ ಬೇಕಾದವನನ್ನು ಹೇಳಿಕೊಂಡು ಊಟ ಬಿಟ್ಟು ಅತ್ತಿದ್ದಳು, ಮಾಯಣ್ಣ ಒಪ್ಪಿಬಿಟ್ಟಿದ್ದ. ಅಕ್ಕನ ಮನೆಗೆ ಬಂದು ಹೇಳಲಿಲ್ಲ. ಹೇಳಿಯೂ ಕಳಿಸಲಿಲ್ಲ.

"ಕೊಡದೆ ಇದ್ರೆ ಇರ್ಲಿ ಕಣವ್ವ. ಎದುರಿಗೆ ಬಂದು ಹೇಳ್ಬೋದಿತ್ತಲ್ಲ" ಎಂದ ರಂಗನಾಥ್ ಮನೆಗೆ ಬಂದು. ಅದೊಂದೇ ಮಾತು. ಆಮೇಲೆ ಬಹಳ ದಿನ ಅವನು ತಿಪಟೂರಿಗೆ ಹೋಗಲಿಲ್ಲ.

ಆ ವರ್ಷದ ಕಾರ್ತಿಕ ಬಂತು. ಕೆಂಪಯ್ಯ ಪದ್ಧತಿ ಬಿಡಬಾರದೆಂದು ಎಣ್ಣೆ ಇಟ್ಟು ಕರೆದು ಬಂದಿದ್ದರು. ಮಾಯಣ್ಣ ಬಂದ. ಬೀದಿಯ ತುದಿಯಿಂದ ಕೂಗಲಿಲ್ಲ. ಗುಡಿಯ ಬಾಗಿಲಲ್ಲಿ ರಂಗನಾಥ್ ಅಡ್ಡ ನಿಂತಿದ್ದ.

"ಬನ್ನಿ ಮಾವ. ಬೆನ್ನಿಗೆ ಕೈ ಹಾಕಕ್ಕೆ ಬಂದ್ರಾ? ಬೆನ್ನು ಅಂದ್ರೆ ನಿಮ್ಗೆ ಬೋ ಇಷ್ಟ ಅಲ್ವ?"

"ಅಳಿಯ, ಒಂದ್ ಮಾತು ಕೇಳು..."

"ಯಾರಿಗೆ ಅಳಿಯ? ನಿಮ್ಮಳಿಯ ಚಿಕ್ಕನಾಯಕನಹಳ್ಳೀಲವ್ನೆ. ನಡೀರಿ."

ಹೊಂಬಾಳಮ್ಮ ಎಣ್ಣೆಯ ಗಿಂಡಿ ಹಿಡಿದು ಜನರ ನಡುವೆ ಬರುವಷ್ಟರಲ್ಲಿ ಇಷ್ಟು ನಡೆದುಹೋಗಿತ್ತು. ಆ ಕಡೆ ತಮ್ಮ, ಈ ಕಡೆ ತಾನು, ನಡುವೆ ಮಗ. ಮಾಯಣ್ಣ ಅಕ್ಕಿಯ ಚೀಲವನ್ನು ಮೆಟ್ಟಿಲ ಮೇಲಿಟ್ಟ. "ಬತ್ತೀನಿ ಕಣಕ್ಕ" ಎಂದ. ಒಂದು ಲೋಟ ನೀರು ಕೂಡ ಕುಡಿಯದೆ ಹೋದ.

ಆ ಅಕ್ಕಿಯನ್ನು ಅವಳು ಬೇರೆ ಡಬ್ಬಕ್ಕೆ ಹಾಕಿಟ್ಟಳು. ಹಬ್ಬದ ದಿನ ಒಂದು ಹಿಡಿ ಮಾತ್ರ ಮನೆಯ ಅಕ್ಕಿಗೆ ಬೆರೆಸುತ್ತಿದ್ದಳು. ಹುಳು ಬಿದ್ದರೆ ಬಿಸಿಲಿಗೆ ಹರವಿ ಕೇರುತ್ತಿದ್ದಳು, ಮುಗಿಯದ ಹಾಗೆ ನೋಡಿಕೊಳ್ಳುತ್ತಿದ್ದಳು. ಎರಡು ವರ್ಷಕ್ಕೆ ಅದೂ ಮುಗಿಯಿತು.

ರಂಗನಾಥನಿಗೆ ಅರಳಗುಪ್ಪೆಯ ಲಿಖಿತಾಳನ್ನು ತಂದರು. ಒಳ್ಳೆಯ ಹುಡುಗಿ, ಮಾತು ಕಡಿಮೆ, ಆಡಿದರೆ ನೇರ. ಕೃತಿಕಾ ಹುಟ್ಟಿದಳು. ಕೆಂಪಯ್ಯನ ಕಾಲಿನ ಮಂಡಿ ಸೋತು ಪೂಜೆ ಮಗನ ಕೈಗೆ ಬಂತು. ಎಣ್ಣೆ ಮನೆಯನ್ನು ಕರೆಯುವ ಮಾತೂ ಅದರ ಜೊತೆಗೆ ಅವನ ಕೈಗೆ ಹೋಯಿತು. ಅವನು ಕರೆಯಲಿಲ್ಲ. ಊರಿನವರು ಕೇಳಿದರೆ, "ಗಾಯದಯ್ಯ ಏನೂ ನೋವು ಅಂತ ಹೇಳಿಲ್ವಲ್ಲ" ಎನ್ನುತ್ತಿದ್ದ.

ಹೊಂಬಾಳಮ್ಮ ಮಾತ್ರ ಪ್ರತಿ ಕಾರ್ತಿಕದಲ್ಲೂ ಎಣ್ಣೆ ಕಾಯಿಸಿದಳು. ಗಿಂಡಿಯನ್ನು ಗುಡಿಯ ಮೆಟ್ಟಿಲ ಮೇಲಿಡುತ್ತಿದ್ದಳು, ಸಂಜೆ ಹಾಗೆಯೇ ವಾಪಸ್ಸು ತಂದು ಮೊಮ್ಮಗಳ ತಲೆಗೆ ಹಚ್ಚುತ್ತಿದ್ದಳು. ನೊಣವಿನಕೆರೆಗೆ ಹೋದಾಗ ತುರುವೇಕೆರೆಯ ಕಡೆ ಹೋಗುವ ಬಸ್ಸು ನಿಂತರೆ, ಹತ್ತುವವಳಂತೆ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿದ್ದಳು. ಓದಲು ಬಾರದು, ಆದರೆ ದಬ್ಬೇಘಟ್ಟ ಎಂಬ ಬೋರ್ಡಿನ ಅಕ್ಷರಗಳ ಆಕಾರ ಅವಳಿಗೆ ಗೊತ್ತು. ಒಬ್ಬಳೇ ಹೋಗಿಬಿಡಬಹುದಿತ್ತು. ಆದರೆ ಎಣ್ಣೆ ಇಲ್ಲದೆ ಹೋದರೆ ಅಳಲು ಬಂದ ಅಕ್ಕ ಮಾತ್ರ. ಎಣ್ಣೆ ಹಿಡಿದು ಹೋದರೆ ಗುಡಿಯ ಕರೆ. ಬಾಗಿಲಿಂದ ಅಟ್ಟಿಸಿಕೊಂಡವನಿಗೆ ಅಕ್ಕನ ಅಳು ಸಾಲದು, ಗುಡಿಯ ಕರೆಯೇ ಬೇಕು ಎಂದು ಅವಳಿಗೆ ಗೊತ್ತಿತ್ತು. ಆ ಕರೆಗೆ ಮಗ ಒಪ್ಪಬೇಕು.

ಸೊಸೆಯ ಫೋನಿನಲ್ಲಿ ಆಗೊಮ್ಮೆ ಈಗೊಮ್ಮೆ ತಮ್ಮನಿಗೆ ಮಾಡುತ್ತಿದ್ದಳು. ಎತ್ತುತ್ತಿದ್ದವಳು ಮಾಯಣ್ಣನ ಹೆಂಡತಿ ಮೀನಾಕ್ಷಮ್ಮ.

"ಅವ್ರು ತೋಟಕ್ಕೆ ಹೋಗವ್ರೆ ಅತ್ಗೆ."

ಹಿಂದುಗಡೆ ಅವನ ಕೆಮ್ಮು ಕೇಳುತ್ತಿತ್ತು. ಚಿಕ್ಕಂದಿನಿಂದ ಕೇಳಿದ ಕೆಮ್ಮು. ಹೊಂಬಾಳಮ್ಮ ಏನೂ ಗೊತ್ತಾಗದವಳಂತೆ ಅದೂ ಇದೂ ಮಾತಾಡಿ, ಆ ಕೆಮ್ಮು ಇನ್ನೊಮ್ಮೆ ಕೇಳುವವರೆಗೂ ಫೋನು ಇಡುತ್ತಿರಲಿಲ್ಲ. ಒಂದು ಸಲ ಮೀನಾಕ್ಷಮ್ಮನೇ ದನಿ ತಗ್ಗಿಸಿ ಹೇಳಿದಳು, "ನಿಮ್ಮ ಮುಖ ನೋಡಿ ಹೇಳಕ್ಕೆ ಆವಾಗ ಅವ್ರಿಗೆ ಧೈರ್ಯ ಬರ್ಲಿಲ್ಲ ಅತ್ಗೆ. ಈಗ ನೋಡಿದ್ರೆ ಅದನ್ನೇ ನೆನಸ್ಕಂಡು ಕೂತಿರ್ತಾರೆ."

ಈ ವರ್ಷ ಮಳೆಗೆ ಗುಡಿಯ ಹಿಂದಿನ ಗೋಡೆ ನೆನೆದು ಬಿರುಕು ಬಿಟ್ಟಿತು. ಕಾರ್ತಿಕದ ಕಡೆಯ ಸೋಮವಾರದೊಳಗೆ ಗೋಡೆ ಕಟ್ಟಿಸಿ, ನೆಲಕ್ಕೆ ಟೈಲ್ಸ್ ಹಾಕಿಸುವುದೆಂದು ಊರಿನವರು ಒಪ್ಪಿದರು. ತಿಪಟೂರಿನಿಂದ ದಯಾನಂದ್ ಎಂಬ ಕಲ್ಲುಕೆಲಸದವನು ಬಂದ. ಕಲ್ಲನ್ನು ಮುಂದಕ್ಕೆ ಎಳೆದು, ಹೊಸ ಪೀಠದ ಮೇಲೆ ನಿಲ್ಲಿಸಬೇಕು ಎಂದ. ಆಗ ರಂಗನಾಥ್ ಒಂದು ಮಾತು ತೆಗೆದ.

"ಹೆಂಗೂ ಎಳೀತೀವಿ. ಮುಂದ್ಗಡೆ ಭುಜದ ಮೇಲೆ ಒಂದ್ ಗಾಯದ ಗೆರೆ ಹೊಡ್ದುಬುಡು. ಹಿಂದ್ಗಡೆ ಗೋಡೆಗೆ ಸೇರಿಸ್ಬುಡು. ಯಾರ್ ಬೇಕಾದ್ರೂ ಎಣ್ಣೆ ಹಚ್ಲಿ. ಎಣ್ಣೆ ಮನೆ ಗಿಣ್ಣೆ ಮನೆ ಯಾವ್ದೂ ಬ್ಯಾಡ."

ಹೊಂಬಾಳಮ್ಮ ಗುಡಿಯ ಹೊರಗೆ ಮರಳು ಸೋಸುತ್ತಿದ್ದಳು. ಜರಡಿ ಕೈಯಲ್ಲೇ ನಿಂತಿತು. ಆ ಒಂದು ಗೆರೆ ಬಿದ್ದರೆ, ಇನ್ನು ಯಾವ ಕಾರ್ತಿಕದಲ್ಲೂ ಹುಣಸೆಕಟ್ಟೆಯಿಂದ ಯಾರನ್ನೂ ಕರೆಯುವ ಕಾರಣವೇ ಉಳಿಯುವುದಿಲ್ಲ. ಇವತ್ತಲ್ಲ ನಾಳೆ ಮಗನ ಸಿಟ್ಟು ಇಳಿದೀತು, ಬೆನ್ನು ಕಾಯುತ್ತಿರುತ್ತದೆ ಎಂದು ಐದು ವರ್ಷ ದಿನ ದೂಡಿದ್ದಳು. ಬೆನ್ನನ್ನೇ ಗೋಡೆಗೆ ಸೇರಿಸಿ ಮುಚ್ಚಿದರೆ?

"ನೀವಾದ್ರೂ ಒಂದ್ ಮಾತು ಹೇಳ್ರೀ" ಎಂದಳು ಗಂಡನಿಗೆ.

"ನಾನ್ ಹೇಳಿದ್ರೆ ಕೇಳೋ ಕಾಲ ಹೋಯ್ತು ಕಣ್ಲೇ" ಎಂದರು ಕೆಂಪಯ್ಯ. "ಮಂಡಿ ಹೋದ ದಿನಾನೇ ನನ್ ಬಾಯೂ ಹೋಯ್ತು."

ಕಲ್ಲು ಎಳೆಯುವ ದಿನ ಊರಿಗೆ ಊರೇ ಸೇರಿತು. ಹಾರೆ ಮೀಟಿ, ಹಗ್ಗ ಬಿಗಿದು, ಗೋಣಿಚೀಲದ ಮೇಲೆ ಗಾಯದಯ್ಯನನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ತಂದರು. ಪಕ್ಕದ ಮನೆಯ ಭೈರಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಎಳೀರ್ಲಾ ಜೋರಾಗಿ. ನನ್ ಮದ್ವೆಯಾದಾಗಿಂದ ಈವಯ್ಯನ ಮುಂದ್ಗಡೆನೇ ನೋಡಿ ನೋಡಿ ಸಾಕಾಗೈತೆ."

ಕೆಡವಿದ ಗೋಡೆಯ ಕಡೆಯಿಂದ ಬಿಸಿಲು ಬಿತ್ತು. ಯಾರ ಅಜ್ಜನೂ ನೋಡದ ಬೆನ್ನನ್ನು ಎಲ್ಲರೂ ನೋಡಿದರು. ನುಣುಪಾದ ಕಲ್ಲು. ಕತ್ತಿಯ ಗೆರೆ ಇಲ್ಲ, ಸೀಳಿಲ್ಲ. ಎಡ ಭುಜದ ಹಿಂದೆ ಅಂಗೈ ಅಗಲದ ಒಂದು ತಗ್ಗು ಮಾತ್ರ, ಕರ್ರಗೆ.

"ಎಲ್ರೋ ಗಾಯ?" ಎಂದಳು ಭೈರಮ್ಮ.

"ವಾಸಿಯಾಗಿರ್ಬೇಕು ಬುಡು" ಎಂದರು ಕೆಂಪಯ್ಯ. ಜನ ನಕ್ಕರು.

ದಯಾನಂದ್ ಬಗ್ಗಿ ಬೆರಳಾಡಿಸಿ ನೋಡಿದ. "ಇಲ್ಲಿ ಉಳಿ ಮುಟ್ಟೇ ಇಲ್ಲ ಕಣ್ರೀ. ಇದು ಕೈಯಾಡ್ಸಿ ಆಡ್ಸಿ ಬಿದ್ದಿರೋ ಗುಂಡಿ. ಮನೇಲಿ ಒರಳು ಸವೆಯಲ್ವ, ಹಂಗೆ."

"ನೋಡವ್ವ" ಎಂದ ರಂಗನಾಥ್. "ಗಾಯಾನೇ ಇಲ್ಲ. ಇಷ್ಟು ವರ್ಷ ಸುಮ್ಕೆ ಕುಣ್ದಿದ್ದು."

ಹೊಂಬಾಳಮ್ಮ ಯಾರನ್ನೂ ಕೇಳದೆ ಹತ್ತಿರ ಹೋದಳು. ಎಣ್ಣೆ ಮನೆಯಲ್ಲಿ ಹುಟ್ಟಿದರೂ ಹೆಣ್ಣಾದ್ದರಿಂದ ಅವಳು ಒಂದು ದಿನವೂ ಈ ಬೆನ್ನನ್ನು ಮುಟ್ಟಿದವಳಲ್ಲ. ನಾಲ್ಕು ಬೆರಳನ್ನು ತಗ್ಗಿನಲ್ಲಿಟ್ಟಳು. ಬೆರಳು ಹಾಗೆಯೇ ಕೂತವು. ಕೂತು ಜಾರಿದವು, ಯಾವ ಕಡೆಗೆ ಜಾರಬೇಕೆಂದು ಕಲ್ಲೇ ತೋರಿಸಿಕೊಟ್ಟಂತೆ. ಅಪ್ಪ ಎಡಗೈಯವರು. ಊಟ ಬಿಟ್ಟು ಎಲ್ಲ ಕೆಲಸವೂ ಎಡಗೈಯಲ್ಲಿ. ತಗ್ಗಿನ ಒಂದು ಅಂಚು ಆ ಕಡೆಗೇ ಹೆಚ್ಚು ಸವೆದಿತ್ತು. ಮಾಯಣ್ಣನ ಕೈಯೂ ಇಲ್ಲೇ ಆಡಿತ್ತು, ವರ್ಷಕ್ಕೊಮ್ಮೆ, ಅವಳು ಮನೆಯಲ್ಲಿ ಅವನಿಗೆ ಮುದ್ದೆ ತೊಳಸುತ್ತಿದ್ದ ಹೊತ್ತಿನಲ್ಲಿ. ಐದು ವರ್ಷದಿಂದ ಎಣ್ಣೆ ಕಾಣದೆ ಅಂಚು ಬೆಳ್ಳಗಾಗಿತ್ತು, ಧೂಳು ಮೆತ್ತಿತ್ತು. ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

"ಎಷ್ಟು ಒಣಗೈತೆ ನೋಡ್ಲಾ" ಎಂದಳು ಮಗನಿಗೆ.

ರಂಗನಾಥ್ ಮುಖ ತಿರುಗಿಸಿದ. "ಊಟದ ಹೊತ್ತಾಯ್ತು. ಆಮೇಲೆ ಗೆರೆ ಹೊಡ್ಸನ, ಬನ್ನಿ."

ಮನೆಯಲ್ಲಿ ಲಿಖಿತಾ ಮುದ್ದೆ ಇಕ್ಕಿ ಸಾರು ಬಡಿಸಿದಳು. ರಂಗನಾಥ್ ಊಟಕ್ಕೆ ಕೂತವನು ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದ, "ಇವತ್ತು ಮುಗಿಸ್ಬುಡ್ತೀನಿ. ಆ ಮನುಷ್ಯನ ಮುಖ ಇನ್ನೊಂದ್ಸಲ ನೋಡೋ ಹಂಗೇ ಇರ್ಬಾರ್ದು."

ಲಿಖಿತಾ ಸೌಟು ಕೆಳಗಿಟ್ಟಳು. "ಒಂದ್ ಮಾತು ಕೇಳ್ಲಾ?"

"ಕೇಳು."

"ನಿಮ್ಮಾವ ಮಗಳನ್ನ ಕೊಟ್ಟಿದ್ರೆ ಇವತ್ತು ಇಲ್ಲಿ ಮುದ್ದೆ ಇಕ್ತಿದ್ದೋಳು ಅವಳು. ಕೊಡ್ಲಿಲ್ಲ ಅಂತ ಇವತ್ಗೂ ನಿಮ್ಗೆ ಇಷ್ಟು ಸಿಟ್ಟಿದ್ರೆ, ನಾನ್ಯಾಕೆ ಇಲ್ಲಿದೀನಿ ಅಂತ ಹೇಳಿ."

ಕೆಂಪಯ್ಯ ತಟ್ಟೆಯೊಳಗೆ ಏನೋ ಬಿದ್ದಿದೆ ಎನ್ನುವಂತೆ ತಲೆ ಬಗ್ಗಿಸಿಕೊಂಡರು.

"ಹಂಗಲ್ಲ ಕಣೇ..."

"ಹೆಂಗೆ ಮತ್ತೆ?"

"ಮಂಡೀಲಿ ಎಲ್ರ ಮುಂದೆ ನಗಾಡಿದ್ರು."

"ನಗಾಡಿದ್ದು ಶಂಭುಲಿಂಗಯ್ಯ. ಅವ್ರ ಮಂಡಿಗೆ ಹೋದ ವಾರಾನೂ ಕೊಬ್ಬರಿ ಹಾಕಿ ಬಂದ್ರಿ. ಕಾಫಿ ಕುಡ್ಸಿದ್ರು ಅಂತ ಬಂದು ಹೇಳುದ್ರಿ."

ಮುದ್ದೆ ಮುರಿದ ರಂಗನಾಥನ ಕೈ ಸಾರಿನಲ್ಲೇ ಇತ್ತು. ಹೊಂಬಾಳಮ್ಮ ಸೊಸೆಯ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದ ಸುಸ್ತು ಇತ್ತು. ಈ ಹುಡುಗಿಯೂ ಬಂದಾಗಿನಿಂದ ಏನನ್ನೋ ಕಾದುಕೊಂಡಿದ್ದಳು, ತನಗೆ ಕಾಣಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು.

ಅವನು ಊಟ ಮುಗಿಸಿ, ಕೈ ತೊಳೆದು, ಗುಡಿಗೆ ನಡೆದ. ಸ್ವಲ್ಪ ಬಿಟ್ಟು ಹೊಂಬಾಳಮ್ಮನೂ ಹೋದಳು. ದಯಾನಂದ್ ಕಲ್ಲಿನ ಮುಂಭಾಗದ ಭುಜದ ಮೇಲೆ ಸೀಮೆಸುಣ್ಣದಲ್ಲಿ ಓರೆಯಾಗಿ ಗೆರೆ ಎಳೆದು, ಉಳಿ ಸುತ್ತಿಗೆ ಹಿಡಿದು ಕಾಯುತ್ತಿದ್ದ.

"ಹೊಡೀಲಾ ರಂಗಣ್ಣ?"

ರಂಗನಾಥ್ ಗೆರೆಯನ್ನು ನೋಡುತ್ತ ನಿಂತ. ಹಿಂದಕ್ಕೆ ಹೋಗಿ ಬೆನ್ನಿನ ತಗ್ಗನ್ನೂ ನೋಡಿದ, ಮುಟ್ಟಲಿಲ್ಲ. ತಿರುಗಿ ಮುಂದೆ ಬಂದು, ಅಂಗೈಯಿಂದ ಸೀಮೆಸುಣ್ಣವನ್ನು ಒರೆಸಿಬಿಟ್ಟ.

"ಬ್ಯಾಡ ಬುಡು."

"ಮತ್ತೆ ಗಾಯ?"

"ಇರೋ ಕಡೆ ಇರ್ಲಿ."

"ಹಂಗಾರೆ ಗೋಡೆಯಿಂದ ಎಷ್ಟು ದೂರ ನಿಲ್ಸನ?"

"ಒಬ್ರ ತೋಳು ಹೋಗೋವಷ್ಟು."

ಆಮೇಲೆ ಅವ್ವನ ಕಡೆ ನೋಡದೆಯೇ ಹೇಳಿದ, "ನಾನ್ ಕರೆಯಲ್ಲ ಕಣವ್ವ. ನನ್ ಕಾಲು ಆ ಮನೆ ಕಡೆ ಏಳಲ್ಲ. ನೀನು ಎಣ್ಣೆ ತಗಂಡೋಗಿ ಕರುದ್ರೆ ಬ್ಯಾಡ ಅನ್ನಲ್ಲ. ಬಾಗ್ಲಲ್ಲಿ ಅಡ್ಡ ನಿಲ್ಲಲ್ಲ."

"ಬಂದ್ರೆ ಮಾತಾಡುಸ್ತೀಯೇನಪ್ಪ?"

"ಅದು ಗೊತ್ತಿಲ್ಲ."

ಅವಳು ಹೆಚ್ಚು ಕೇಳಲಿಲ್ಲ. ಅಷ್ಟು ಸಿಕ್ಕಿದ್ದೇ ಕೈ ತುಂಬಿತ್ತು.

ಎಣ್ಣೆ ಹಿಡಿದು ಹೆಂಗಸು ಕರೆಯಲು ಹೋದದ್ದು ಆ ಊರಿನಲ್ಲಿ ಇಲ್ಲ. ಸಂಜೆ ತುರಿಮಣೆಯ ಮುಂದೆ ಕೂತಿದ್ದವಳ ಹತ್ತಿರ ಭೈರಮ್ಮ ಬಂದು ಕೂತಳು, ಅರ್ಧ ಕುತೂಹಲಕ್ಕೆ, ಅರ್ಧ ಕಾಯಿ ಒಡೆದುಕೊಡುವುದಕ್ಕೆ.

"ಫೋನ್ ಮಾಡಿ ಹೇಳಿದ್ಯೇನೇ?"

"ಇಲ್ಲ. ಹೇಳಿದ್ರೆ ತೋಟಕ್ಕೆ ಹೋಗ್ಬುಡ್ತಾನೆ."

"ಹೋದ್ರೂ ಒಳಗಿಂದ ಆಚೆಗೆ ಬರ್ಲಿಲ್ಲ ಅಂದ್ರೆ?"

"ಜಗಲಿ ಮೇಲೆ ಕೂತ್ಕಂತೀನಿ."

"ಎಲ್ಲಿಗಂಟ ಕೂತ್ಕಂತೀಯೇ?"

"ಕೆಮ್ಮೋಗಂಟ" ಎಂದಳು ಹೊಂಬಾಳಮ್ಮ. ಹೇಳಿದವಳಿಗೇ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಭೈರಮ್ಮನಿಗೆ ಅರ್ಥವಾಗಲಿಲ್ಲ, ಸುಮ್ಮನೆ ಕಾಯಿ ಒಡೆದಳು.

ತಮ್ಮನ ತಲೆ ಪೂರ್ತಿ ಬೆಳ್ಳಗಾಗಿರಬಹುದು. ಸಿಂಧುವಿಗೆ ಮಕ್ಕಳಾಗಿರಬಹುದು, ಅವರು ತನ್ನನ್ನು ಯಾರೆಂದು ಕೇಳಬಹುದು. ಬಾಗಿಲು ತೆರೆದರೆ ಮೊದಲು ಏನು ಮಾತಾಡುವುದು ಎಂದು ಯೋಚಿಸಿದಳು. ಹೊಳೆಯಲಿಲ್ಲ. ಬಾಣಲೆಯಲ್ಲಿ ಹಾಲು ಸಣ್ಣಗೆ ಕುದಿಯುತ್ತಿತ್ತು.

ನಾಳೆ ಬೆಳಗ್ಗೆ ಹೊಂಬಾಳಮ್ಮ ನೊಣವಿನಕೆರೆಯವರೆಗೆ ನಡೆದು ಹೋಗಿ ತುರುವೇಕೆರೆಯ ಬಸ್ಸು ಹತ್ತುತ್ತಾಳೆ. ಅಲ್ಲಿ ಇಳಿದು ದಬ್ಬೇಘಟ್ಟದ ಬಸ್ಸು ಹಿಡಿಯುತ್ತಾಳೆ. ಹುಣಸೆಕಟ್ಟೆಗೆ ಹೋಗಿ, ತಮ್ಮನ ಬಾಗಿಲಲ್ಲಿ ಎಣ್ಣೆ ಇಟ್ಟು, ಕರೆಯುತ್ತಾಳೆ.